ದಪ್ಪಕ್ಷರದ ಮೊದಲ ಮಾತು

ಆ ಸಂಜೆಪತ್ರಿಕೆಯ ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಅವಳು ಅಕ್ಷರದಕ್ಕ. ಅಕ್ಷರ ಬರೆಯುವುದೇ ಅವಳ ಕೆಲಸ. ಬರೆಯುವುದು ಅಂದರೆ ವರದಿಗಾರರು ಗೀಚುವ ಹಾಗಲ್ಲ, ಅಕ್ಷರದ ಆಕಾರವನ್ನೇ ಬರೆಯುವುದು. ನಾವು ನೀವು ಓದುವ ಅ, ಆ, ಇ, ಈಗಳೆಲ್ಲ ಮರದಲ್ಲಿ ಕಾಯಿ ಬಿಟ್ಟ ಹಾಗೆ ತಾವಾಗಿಯೇ ಬಂದು ಪುಟದ ಮೇಲೆ ಕೂರುತ್ತವೆ ಅಂದುಕೊಂಡಿದ್ದರೆ ಆ ಭ್ರಮೆ ಈಗಲೇ ಬಿಟ್ಟುಬಿಡಿ. ಒಂದೊಂದನ್ನೂ ಯಾರೋ ಪುಣ್ಯಾತ್ಮರು ಬೆನ್ನು ಬಗ್ಗಿಸಿ ಕೂತು, ಬರೆದು ಅಳಿಸಿ, ಅಳಿಸಿ ಬರೆದು ಮಾಡಿರುತ್ತಾರೆ. ಅವರನ್ನು ಯಾರೂ ಕೇಳುವುದಿಲ್ಲ, ಅದು ಬೇರೆ ಮಾತು.

ಎರಡು ವರ್ಷ ಕೂತು ಅವಳು ಮಾಡಿ ಮುಗಿಸಿದ್ದು ಒಂದು ದಪ್ಪಕ್ಷರ. ಅಂತಿಂಥ ದಪ್ಪವಲ್ಲ. ಗೆರೆ ಎಲ್ಲ ಕಡೆಯೂ ಒಂದೇ ಗಾತ್ರ, ಎಲ್ಲೂ ಸಣ್ಣಗಾಗಿ ನಾಚಿಕೊಳ್ಳುವುದಿಲ್ಲ. ತುದಿಯಲ್ಲಿ ಬಾಲವಿಲ್ಲ, ಕೊಕ್ಕೆಯಿಲ್ಲ, ಬಳುಕಿಲ್ಲ, ಒನಪಿಲ್ಲ. ತಲೆಕಟ್ಟು ತೊಲೆಯ ಹಾಗೆ ನೇರ. ಎತ್ತರಕ್ಕಿಂತ ಅಗಲ ಜಾಸ್ತಿ. ಕಾಲು ಅಗಲಿಸಿ ನಿಂತು 'ಏನೀಗ?' ಅಂತ ಕೇಳುವ ಅಕ್ಷರ.

ಅದರ ಮೂಲ ಎಲ್ಲಿ ಅಂತ ಕೇಳಿದರೆ ಅವಳ ಅತ್ತೆಯ ಹತ್ತಿರ ಹೋಗಬೇಕು. ಅತ್ತೆ ಬಸ್ಸಿನಲ್ಲಿ ಕೂತರೆ ಒಂದೂವರೆ ಸೀಟು. ಪಕ್ಕದವರು "ಸ್ವಲ್ಪ ಸರೀರಮ್ಮ" ಅಂದರೆ, "ನೀವೇ ಸರೀರಿ, ನಿಮಗೆ ಅಭ್ಯಾಸ ಇದ್ದ ಹಾಗಿದೆ" ಅನ್ನುವ ಹೆಂಗಸು. ಸೊಸೆ ಮೊದಲ ಸಲ ದಪ್ಪ 'ಅ' ಬರೆದು ಅಡುಗೆಮನೆಗೆ ತಂದು ತೋರಿಸಿದಾಗ ಅತ್ತೆ ಸೌಟು ಕೆಳಗಿಟ್ಟು ನೋಡಿದ್ದೇ ನೋಡಿದ್ದು.

"ಇದೇನೇ ಇದು, ನನ್ನನ್ನೇ ಕೂರಿಸಿಬಿಟ್ಟಿದ್ದೀಯಲ್ಲೇ!"

"ಬೇಜಾರಾಯ್ತಾ ಅತ್ತೆ?"

"ಬೇಜಾರು ಅಂದ್ನಾ ನಾನು? ಸಣ್ಣಗಿರೋರ ಮಾತು ಯಾರು ಕೇಳ್ತಾರೆ! ಹಾಗೇ ಇರ್ಲಿ ಬಿಡು. ಸೊಂಟದ ಹತ್ರ ಇನ್ನೊಂಚೂರು ಅಗಲ ಮಾಡು, ನಾನೇನು ಅಷ್ಟು ಸಣ್ಣಗಿಲ್ಲ."

ಮಾಡಿದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ಆದರೆ ಅವಳ ಕೂಸು ಹೆಗ್ಗಣವಾಗಿರಲಿಲ್ಲ. ಆ ಅಕ್ಷರದ ಮೇಲೆ ಅವಳಿಗೆ ಹೆಮ್ಮೆ ಇತ್ತು, ಅದನ್ನು ಮುಚ್ಚಿಡುವ ಕಪಟ ಅವಳಿಗೆ ಗೊತ್ತಿರಲಿಲ್ಲ. ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು.

ಕಚೇರಿಯಲ್ಲಿ ಅವಳ ಕೋಣೆಯ ಬಾಗಿಲು ತೆರೆದರೆ ಉದ್ದನೆಯ ಮುದ್ರಣದ ಹಜಾರ. ಹಜಾರದ ಆ ತುದಿಯಲ್ಲಿ ದೊಡ್ಡ ಮಿಷನ್ನು, ಅದರ ಪಕ್ಕ ಅದನ್ನು ಓಡಿಸುವ ಮಿಷನ್ ಮಾವ. ಇಡೀ ಕಚೇರಿಗೇ ಆತ ಮಾವ. ಮೊಣಕೈವರೆಗೂ ಶಾಯಿ, ಕಿವಿಯ ಮೇಲೊಂದು ಪೆನ್ಸಿಲ್ಲು, ಬಾಯಲ್ಲಿ ಸದಾ ಒಂದು ತಮಾಷೆ. ದಪ್ಪಕ್ಷರದ ಮೊದಲ ಹಾಳೆ ಅಚ್ಚಾದ ದಿನ ಆತ ಅದನ್ನು ಬೆಳಕಿಗೆ ಹಿಡಿದು ಗಹಗಹಿಸಿ ನಕ್ಕಿದ್ದ.

"ಬಾ ತಾಯಿ, ನೋಡು. ಜನ ಧನ ಕೇಳಿದ್ರೆ ನಿನ್ನ ಅಕ್ಷರ ದನ ಕೊಡ್ತಿದೆ!"

ನಿಜವೇ. ಕಂಪ್ಯೂಟರಿನಲ್ಲಿ ಸರಿಯಿದ್ದದ್ದು ಕಾಗದದ ಮೇಲೆ ಕೆಟ್ಟಿತ್ತು. ಪತ್ರಿಕೆಯ ಕಾಗದ ಶಾಯಿಯನ್ನು ಬಾಯಾರಿದವರ ಹಾಗೆ ಹೀರುತ್ತದೆ. ಅಷ್ಟು ದಪ್ಪ ಅಕ್ಷರದಲ್ಲಿ 'ಧ'ದ ಬುಡದ ಸೀಳು ಶಾಯಿಯಲ್ಲಿ ಮುಚ್ಚಿಹೋಗಿ 'ದ' ಆಗಿತ್ತು, 'ಭ' ಹೋಗಿ 'ಬ' ಆಗಿತ್ತು. ಅವಳು ಸೀಳುಗಳನ್ನು ಅಗಲ ಮಾಡಿದಳು, ಗೆರೆ ಗೆರೆ ಕೂಡುವ ಮೂಲೆಗಳಲ್ಲಿ ಶಾಯಿ ಹೋಗಿ ಕೂರಲು ಸಣ್ಣ ಸಣ್ಣ ಸಂದು ಕೊರೆದಳು. ಮಾವ ಶಾಯಿ ಕಡಿಮೆ ಮಾಡಿ, ಹೆಚ್ಚು ಮಾಡಿ, ಹಾಳೆ ಮೇಲೆ ಹಾಳೆ ತೆಗೆದುಕೊಟ್ಟ. ಹೀಗೆ ತಿಂಗಳುಗಟ್ಟಲೆ ನಡೆಯಿತು. ಇಬ್ಬರೂ ಬೇಸರ ಪಡುವವರಲ್ಲ.

ಆಮೇಲೆ ದೂರದ ಪರೀಕ್ಷೆ. ಮಿಷನ್ನು ಓಡುವಾಗ ಆ ಹಜಾರದಲ್ಲಿ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಅವಳು ಈ ತುದಿಯ ಗೋಡೆಗೆ ಹಾಳೆ ಸಿಕ್ಕಿಸಿ, ಮೇಲಿನ ದೀಪವನ್ನು ಎರಡು ಸಲ ಆರಿಸಿ ಹೊತ್ತಿಸುವಳು. ಮಾವ ತಲೆಯೆತ್ತಿ ನೋಡುವನು. ಓದಲು ಬಂದರೆ ಕೈ ಮೇಲೆತ್ತುವನು, ಬಾರದಿದ್ದರೆ ಕೈಯಾಡಿಸುವನು. ಮೊದಮೊದಲು ಏನೋ ಬಾಯಿಗೆ ಬಂದ ಪದ ಹಾಕುತ್ತಿದ್ದಳು. ಒಂದು ದಿನ ಮಧ್ಯಾಹ್ನ 'ಊಟ' ಅಂತ ಹಾಕಿದಳು. ಮಾವ ಕೈಯೆತ್ತಿದ್ದಷ್ಟೇ ಅಲ್ಲ, ಮಿಷನ್ನು ನಿಲ್ಲಿಸಿ ಕೈ ತೊಳೆದುಕೊಂಡು ಬಂದೇಬಿಟ್ಟ! ಅಂದಿನಿಂದ ಅದೇ ರೂಢಿಯಾಯಿತು. 'ಊಟ', 'ಫೋನು', 'ಮಗ ಬಂದಿದಾನೆ'. ಮಾವನ ಮಗ ರೈಲಿನ ಸುರಂಗದ ಕೆಲಸದಲ್ಲಿ ವೈರಿಂಗ್ ಮಾಡುವವನು. ರಜಾ ಸಿಕ್ಕಾಗಲೆಲ್ಲ ನೇರ ಇಲ್ಲಿಗೇ ಬಂದು ಅಪ್ಪನ ಡಬ್ಬಿಯಲ್ಲಿ ಪಾಲು ಕೇಳುತ್ತಿದ್ದ.

ಇಷ್ಟೆಲ್ಲ ಇದ್ದರೂ ಆ ಅಕ್ಷರ ಪತ್ರಿಕೆಯಲ್ಲಿ ಒಂದೇ ಒಂದು ಸಲವೂ ಅಚ್ಚಾಗಿರಲಿಲ್ಲ. ಅದಕ್ಕೆ ಕಾರಣ ಸಂಪಾದಕರ ಡ್ರಾಯರು.

ಹಿಂದೆ ಆ ಕಚೇರಿಯಲ್ಲಿ ಮರದಲ್ಲಿ ಕೆತ್ತಿದ ಭಾರಿ ಅಕ್ಷರಗಳಿದ್ದವು. ಅವನ್ನು ಬೀಗ ಹಾಕಿ ಇಡುತ್ತಿದ್ದರು, ಬೀಗದ ಕೈ ಸಂಪಾದಕರ ಜೇಬಿನಲ್ಲಿ. ಮಹಾ ದೊಡ್ಡ ಸುದ್ದಿಗೆ ಮಾತ್ರ ಡ್ರಾಯರು ತೆರೆಯುವುದು. ಪ್ರಪಂಚದಲ್ಲಿ ದೊಡ್ಡ ಸುದ್ದಿ ಅಂದರೆ ಯಾವುದು ಹೇಳಿ? ಪ್ರವಾಹ, ಬೆಂಕಿ, ಯುದ್ಧ, ಯಾರೋ ಹೋದರು. ಜನ ಆ ಅಕ್ಷರಗಳನ್ನು ದೂರದಿಂದ ಕಂಡರೇ ಎದೆ ಹಿಡಿದುಕೊಳ್ಳುತ್ತಿದ್ದರು. ಸಾವಿನಕ್ಷರ ಅಂತಲೇ ಅದಕ್ಕೆ ಹೆಸರು. ಗೆದ್ದಲು ತಿಂದು ಆ ಮರದ ಅಕ್ಷರಗಳು ಹಾಳಾದ ಮೇಲೆ ಸಂಪಾದಕರು ಅಕ್ಷರದಕ್ಕನಿಗೆ ಹೊಸದು ಮಾಡಲು ಹೇಳಿದ್ದು. ಮಾಡಿಕೊಟ್ಟದ್ದನ್ನು ಪೆನ್‌ಡ್ರೈವಿನಲ್ಲಿ ಹಾಕಿಸಿ, ಅದೇ ಡ್ರಾಯರಿನಲ್ಲಿಟ್ಟು, ಅದೇ ಹಿತ್ತಾಳೆ ಬೀಗ ಜಡಿದರು. ಅವಳ ಕಂಪ್ಯೂಟರಿನಲ್ಲಿ ಅದರ ಪ್ರತಿ ಇದ್ದೇ ಇದೆ ಅಂತ ಅವರಿಗೂ ಗೊತ್ತು. ಆದರೂ ಬೀಗ ಬೀಗವೇ, ಅಪ್ಪಣೆ ಅಪ್ಪಣೆಯೇ!

ಅವಳ ಚಿಂತೆಯೆಲ್ಲ ಇದೇ ಆಗಿತ್ತು. ಒಂದು ದಿನ ಮನೆಯಲ್ಲಿ ಅತ್ತೆಯ ಮುಂದೆ ಬಾಯಿಬಿಟ್ಟು ಹೇಳಿಯೂ ಬಿಟ್ಟಳು.

"ಎರಡು ವರ್ಷ ಸಾಕಿದ ಮಗು ಅತ್ತೆ. ಬಾಯಿ ಬಿಟ್ಟು ಆಡೋ ಮೊದಲ ಮಾತೇ 'ಸತ್ರು' ಅಂತ ಇರಬೇಕಾ?"

"ಬಿಡ್ತು ಅನ್ನೇ!" ಅಂದರು ಅತ್ತೆ. "ನನ್ನ ಥರ ಇರೋ ಅಕ್ಷರ ಅದು. ನಾನು ಯಾರ ಮನೆಗೆ ಹೋದ್ರೂ ಮೊದಲು ಒಳ್ಳೇ ಮಾತೇ ಆಡೋದು. ಜಗಳ ಆಮೇಲೆ."

ಅಷ್ಟರಲ್ಲಿ ಆ ರೈಲಿನ ಸುರಂಗ ಕುಸಿಯಿತು.

ಬೆಟ್ಟದ ಹೊಟ್ಟೆಯೊಳಗೆ ಹನ್ನೊಂದು ಜನ ಸಿಕ್ಕಿಕೊಂಡರು. ಅವರಲ್ಲಿ ಮಾವನ ಮಗನೂ ಒಬ್ಬ. ಮಾವ ಹೋಗಿ ಒಂದು ಹಗಲು ಸುರಂಗದ ಬಾಯಲ್ಲಿ ನಿಂತು ಬಂದ. ಹಗ್ಗ ಕಟ್ಟಿ ಎಲ್ಲರನ್ನೂ ಆಚೆಯೇ ನಿಲ್ಲಿಸಿದ್ದರು, ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ತನ್ನ ಸೊಸೆಯನ್ನೂ ಹೆಂಡತಿಯನ್ನೂ ಅಲ್ಲೇ ಬಿಟ್ಟು ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಬಂದ ಮಾವನನ್ನು ಕಂಡು ಕಚೇರಿಯವರೆಲ್ಲ ಬೆರಗಾದರು. ರಜಾ ಹಾಕಿ ಹೋಗು ಮಾರಾಯ ಅಂದರು.

"ಸುದ್ದಿ ಮೊದಲು ಬರೋದು ಇಲ್ಲಿಗೇ ಅಲ್ವಾ?" ಅಂದ ಮಾವ. ಮಿಷನ್ನಿನ ಹತ್ತಿರ ಹೋಗಿ ನಿಂತ. ಆ ದಿನ ಆತನ ಬಾಯಲ್ಲಿ ತಮಾಷೆ ಇರಲಿಲ್ಲ.

ಮೂರನೆಯ ದಿನವೂ ಒಳಗಿಂದ ಸದ್ದು ಬರಲಿಲ್ಲ. ಬೆಳಗಿನ ಹೊತ್ತು ಸಂಪಾದಕರು ಅವಳ ಕೋಣೆಗೆ ಬಂದು ಬಾಗಿಲು ಮುಂದಕ್ಕೆ ಮಾಡಿದರು. ಕೈಯಲ್ಲಿ ಹಿತ್ತಾಳೆಯ ಬೀಗದ ಕೈ.

"ದಪ್ಪಕ್ಷರ ತೆಗೀಬೇಕಾಗುತ್ತೆ ಅನ್ಸುತ್ತಮ್ಮ."

ಅವಳು ತಟ್ಟನೆ ಎದ್ದಳು. "ಸುದ್ದಿ ಬಂತಾ ಸರ್?"

"ಬಂದಿಲ್ಲ. ಬಂದಾಗ ಪರದಾಡೋದು ಬೇಡ, ರೆಡಿ ಇರ್ಲಿ. ಎರಡು ಸಾಲು. 'ಯಾರೂ ಉಳಿಯಲಿಲ್ಲ' ಅಂತ."

"ಉಳಿದಿದ್ರೆ?"

"ಉಳಿದಿದ್ರೆ ದೇವರು ದೊಡ್ಡವನು. ಅದಕ್ಕೆ ಮಾಮೂಲಿ ಅಕ್ಷರ ಸಾಕು. ದಪ್ಪಕ್ಷರ ಯಾತಕ್ಕೆ ಅಂತ ಜನಕ್ಕೆ ಗೊತ್ತಲ್ಲ, ಗಾಬರಿಯಾಗ್ತಾರೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ನಾವು ಕೇಳಿದ್ದೇವೆ. ಪತ್ರಿಕೆಯವರದ್ದು ಬೇರೆಯೇ ಪಂಗಡ, ಉಸಿರು ಹೋಗುವ ಮುಂಚೆ ಹೆಣದ ಬಟ್ಟೆ ಹರಿದಿಟ್ಟುಕೊಳ್ಳುವುದು. ಸಂಪಾದಕರು ಕೆಟ್ಟವರಲ್ಲ. ಅವರ ಕಣ್ಣೂ ಕೆಂಪಾಗಿತ್ತು. ಆದರೆ ಸಂಜೆ ಪತ್ರಿಕೆ ಸಂಜೆಗೆ ಬರಬೇಕು, ಅವರ ಲೋಕ ಅಷ್ಟೇ.

ಅವಳು ಕೂತು ಕೆಲಸ ಶುರುಮಾಡಿದಳು. ಇಲ್ಲಿ ಒಂದು ಮಾತು ಹೇಳಲೇಬೇಕು. ಅಕ್ಷರದ ಆಕಾರ ನೋಡುವವರು ಮಾತನ್ನು ಓದುವುದಿಲ್ಲ. ಅದು ಆ ಕಸುಬಿನ ಶಾಪ. ಮೊದಲ ಎರಡು ಅಕ್ಷರ ಕಣ್ಣು ಅರ್ಧ ಮುಚ್ಚಿಕೊಂಡೇ ಜೋಡಿಸಿದಳು. ಸ್ವಲ್ಪ ಹೊತ್ತಿಗೆ 'ಯಾ' ಮತ್ತು 'ರೂ' ನಡುವಿನ ಜಾಗ ಜಾಸ್ತಿಯಾಯಿತೇ ಅಂತ ಯೋಚನೆ ಬಂತು. ಆಮೇಲೆ 'ಲ್ಲ'ದ ಒತ್ತು ಕೆಳಗಿನ ಅಂಚಿಗೆ ತಾಗುತ್ತದೆಯೇ ಅಂತ. 'ಳಿ'ಯ ಹೊಟ್ಟೆ ಎಷ್ಟು ಚೆನ್ನಾಗಿ ಕೂತಿದೆ ಅಂತ. ಸತ್ತರು ಬದುಕಿದರು ಅನ್ನುವುದೆಲ್ಲ ಮರೆತೇಹೋಯಿತು. ದೊಡ್ಡ ಹಾಳೆಯಲ್ಲಿ ಅಚ್ಚು ತೆಗೆದುಕೊಂಡು, ಎರಡು ವರ್ಷದ ಅಭ್ಯಾಸ ನೋಡಿ, ಕಾಲು ತಾನಾಗಿಯೇ ಹಜಾರಕ್ಕೆ ನಡೆಯಿತು. ಗೋಡೆಗೆ ಸಿಕ್ಕಿಸಿದಳು. ದೂರದಿಂದ ನೋಡಿದರೆ ತಾನೇ ಗೊತ್ತಾಗುವುದು ಅಂತ ನಾಲ್ಕು ಹೆಜ್ಜೆ ಹಿಂದೆ ಬಂದಳು. 'ಭೇಷ್, ಏನು ನಿಂತಿದೆ!' ಅಂದುಕೊಂಡಳು.

ಮಿಷನ್ನಿನ ಸದ್ದು ನಿಂತುಹೋಯಿತು.

ಅವಳು ತಿರುಗಿ ನೋಡಿದಳು. ಹಜಾರದ ಆ ತುದಿಯಲ್ಲಿ ಮಾವ ಗೋಡೆಯನ್ನೇ ನೋಡುತ್ತ ನಿಂತಿದ್ದ. ದೀಪ ಆರಿಸಿ ಹೊತ್ತಿಸಿರಲಿಲ್ಲ, ಆದರೂ ನೋಡಿದ್ದ. ಹಾಗೇ ಹಿಂದಕ್ಕೆ ಜರುಗಿ ಕಾಗದದ ರೀಲಿನ ಮೇಲೆ ಕುಸಿದು ಕೂತ. ರಸ್ತೆಯ ಆಚೆ ಬದಿಯಿಂದಲೂ ಓದಬಹುದು ಅಂತ ಅವಳು ಊರೆಲ್ಲ ಜಂಬ ಕೊಚ್ಚಿಕೊಂಡಿದ್ದ ಅಕ್ಷರ, ಓದಬಾರದ ಒಬ್ಬನಿಗೆ ಅಷ್ಟು ದೂರದಿಂದ ಸಲೀಸಾಗಿ ಓದಿಸಿಬಿಟ್ಟಿತ್ತು.

"ಇಲ್ಲ ಮಾವ! ಇಲ್ಲ!" ಅವಳು ಓಡಿದಳು. ಚಪ್ಪಲಿ ಎಲ್ಲೋ, ಕಾಲೆಲ್ಲೋ. "ಸುದ್ದಿ ಬಂದಿಲ್ಲ ಮಾವ, ನನ್ನಾಣೆ! ಸುಮ್ಮನೆ ರೆಡಿ ಮಾಡಿದ್ದು ಅಷ್ಟೇ!"

"ಏನು ರೆಡಿ ಮಾಡಿದ್ದು?"

ಅವಳು ಆತನ ಕಣ್ಣಿಗೆ ಗೋಡೆ ಕಾಣದ ಹಾಗೆ ಅಡ್ಡ ನಿಂತಳು.

"ನನ್ನ ಮಗ ಹೋದ ಅಂತ ರೆಡಿ ಮಾಡಿದ್ಯಾ?" ಮಾವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. "ನೀನು ಯಾವತ್ತೂ ಸುಳ್ಳು ಹಾಕಿದವಳಲ್ಲ ಕಣಮ್ಮ. ಊಟ ಅಂತ ಹಾಕಿದ್ರೆ ಊಟ ಇರ್ತಿತ್ತು. ಅದಕ್ಕೇ ನಂಬಿಬಿಟ್ಟೆ."

ಅವಳು ಹೋಗಿ ಆ ಹಾಳೆಯನ್ನು ಕಿತ್ತು ಚೂರು ಚೂರು ಮಾಡಿದಳು. ಮಾವ ಎದ್ದ. ಕೂತರೆ ತಲೆ ಕೆಡುತ್ತದೆ ಅಂದು ಮತ್ತೆ ಮಿಷನ್ನು ಶುರುಮಾಡಿ, ಆ ಗೋಡೆಗೆ ಬೆನ್ನು ಹಾಕಿ ನಿಂತುಬಿಟ್ಟ.

ಅವಳು ನೇರ ಸಂಪಾದಕರ ಕೋಣೆಗೆ ನುಗ್ಗಿದಳು. "ಸರ್, ನನ್ನ ಅಕ್ಷರ ಹೆಣ ಕಾಯೋಕೆ ಹುಟ್ಟಿದ್ದಲ್ಲ. ಆ ಪೆನ್‌ಡ್ರೈವ್ ವಾಪಸ್ ಕೊಡಿ."

"ಅಕ್ಷರದಕ್ಕ, ಸಮಾಧಾನ..."

"ಸಮಾಧಾನ ಹಾಳಾಗಿ ಹೋಗ್ಲಿ! ಅಗಲವಾದ ಅಕ್ಷರ ಅಂದ್ರೆ ಅಳೋದಕ್ಕೇ ಅಂತ ಯಾರು ಬರೆದಿಟ್ಟಿದ್ದಾರೆ? ಒಬ್ಬ ಸತ್ತ ಅಂದ್ರೆ ದೊಡ್ಡ ಸುದ್ದಿ, ಬದುಕಿದ ಅಂದ್ರೆ ಚಿಕ್ಕ ಸುದ್ದಿನಾ?"

ಅವರು ಪೆನ್‌ಡ್ರೈವ್ ಕೊಡಲಿಲ್ಲ. ಅವಳು ಧಡಾರನೆ ಬಾಗಿಲು ಹಾಕಿಕೊಂಡು ತನ್ನ ಜಾಗಕ್ಕೆ ಬಂದಳು. ಕೂತು, ಯಾರ ಅಪ್ಪಣೆಯನ್ನೂ ಕೇಳದೆ, ಒಂದೇ ಒಂದು ಪದ ಜೋಡಿಸಿದಳು. 'ಬದುಕಿದರು.' ಐದೇ ಅಕ್ಷರ. ಒತ್ತಿಲ್ಲ, ಗಿತ್ತಿಲ್ಲ, ಎಲ್ಲವೂ ದುಂಡು, ಎಲ್ಲವೂ ತೆರೆದ ಹೊಟ್ಟೆ. ಈ ಅಂಚಿನಿಂದ ಆ ಅಂಚಿನವರೆಗೆ ಪುಟ ತುಂಬಿ ಕೂತವು. ಈ ಸಲ ಅವಳು ಆಕಾರ ನೋಡಲಿಲ್ಲ, ಓದಿದಳು. ಓದಿ ಅತ್ತಳು.

ಹಾಳೆಯಲ್ಲಿ ಅಚ್ಚು ತೆಗೆದಳು. ಆದರೆ ಗೋಡೆಗೆ ಸಿಕ್ಕಿಸಲಿಲ್ಲ. ಓಡಿಹೋಗಿ ಮಾವನಿಗೆ ತೋರಿಸಿಬಿಡಬೇಕು ಅಂತ ಕೈ ಕಾಲು ಎಳೆಯುತ್ತಿದ್ದವು. ಆದರೆ ಸುಳ್ಳು ಹಾಕಿದವಳಲ್ಲ ಅಂದಿದ್ದ ಆತ. ಕೆಟ್ಟ ಸುಳ್ಳೇ ಆಗಲಿ ಒಳ್ಳೆಯ ಸುಳ್ಳೇ ಆಗಲಿ, ಇನ್ನೊಂದು ಸುಳ್ಳು ಆ ಗೋಡೆಯ ಮೇಲೆ ಬರಬಾರದು. ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ಅದರ ಮೇಲೆ ಎರಡೂ ಕೈ ಊರಿ ಕೂತಳು. ಊಟದ ಹೊತ್ತು ಬಂತು, ಹೋಯಿತು. ಡಬ್ಬಿಗಳನ್ನು ಯಾರೂ ಬಿಚ್ಚಲಿಲ್ಲ.

ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂದಿದ್ದಾಗ ಸಂಪಾದಕರ ಕೋಣೆಯಲ್ಲಿ ಫೋನು ಹೊಡೆದುಕೊಂಡಿತು. ಸ್ವಲ್ಪ ಹೊತ್ತಿಗೆ ಆ ಗಂಭೀರ ಮನುಷ್ಯ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು ಓಡಿ ಬಂದರು.

"ಬಂದ್ರು! ಆಚೆ ಬಂದ್ರು! ಹನ್ನೊಂದೂ ಜನ!"

"ಎಲ್ಲರೂನಾ?" ಅವಳು ಎದ್ದು ನಿಂತಳು. "ಸರ್, ಎಲ್ಲರೂನಾ? ಮಾವನ ಮಗ?"

"ಎಲ್ಲರೂ ಕಣಮ್ಮ! ನಮ್ಮ ವರದಿಗಾರ ಅಲ್ಲೇ ನಿಂತಿದಾನೆ. ಹುಡುಗನ ಕಾಲಿಗೆ ಏಟಾಗಿದೆ, ಮಾತಾಡ್ತಿದಾನೆ. ಅಪ್ಪಂಗೆ ಹೇಳಿ ಅಂದನಂತೆ."

ಅವಳು ಹಾಳೆಯನ್ನು ಮಗುಚಿದಳು. ಹಜಾರಕ್ಕೆ ಬಂದು ಅದೇ ಗೋಡೆಗೆ, ಅದೇ ಮೊಳೆಗಳಿಗೆ ಸಿಕ್ಕಿಸಿದಳು. ದೀಪ ಆರಿಸಿ ಹೊತ್ತಿಸಿದಳು, ಎರಡು ಸಲ. ಮಾವ ತಿರುಗಲಿಲ್ಲ. ಮಿಷನ್ನಿನ ಉಕ್ಕಿನ ಮೇಲೆ ಬೆಳಕು ಮಿನುಗಿದ್ದು ಆತನಿಗೆ ಕಂಡಿರಲೇಬೇಕು, ಬೆನ್ನು ಬಿಗಿಯಾಯಿತು. ಬೆಳಿಗ್ಗೆ ಕಂಡದ್ದು ಸಾಲದೇ, ಮತ್ತೆ ನೋಡು ಅಂದರೆ ಯಾವ ತಂದೆ ನೋಡುತ್ತಾನೆ! ಅವಳು ಮತ್ತೆ ಆರಿಸಿ ಹೊತ್ತಿಸಿದಳು. ಮತ್ತೆ. ಮತ್ತೆ. ಸ್ವಿಚ್ಚು ಕಿತ್ತು ಕೈಗೆ ಬರುವ ಹಾಗೆ.

ಮಾವ ತಿರುಗಿದ.

ಹಜಾರದ ಆ ತುದಿ, ಈ ತುದಿ, ನಡುವೆ ಕಿವಿಗಡಚಿಕ್ಕುವ ಸದ್ದು. ಕೂಗಿ ಪ್ರಯೋಜನವಿಲ್ಲ ಅಂತ ಗೊತ್ತಿದ್ದರಿಂದ ಅವಳು ಕೂಗಲಿಲ್ಲ. ಪಕ್ಕಕ್ಕೆ ಸರಿದು ಅಕ್ಷರಗಳಿಗೆ ಜಾಗ ಬಿಟ್ಟಳು. ಐದೂ ಕಾಲು ಅಗಲಿಸಿ ನಿಂತಿದ್ದವು. ಮಾವ ನೋಡಿದ. ಕಣ್ಣುಜ್ಜಿಕೊಂಡು ನೋಡಿದ. ಆಮೇಲೆ ಅವಳ ಮುಖ ನೋಡಿದ, ನಿಜವಾ ಅಂತ. ಅವಳು ಹೌದು ಅಂತ ತಲೆಯಾಡಿಸಿದಳು. ಮಾವನ ಕೈ ನಿಧಾನವಾಗಿ ಮೇಲೆದ್ದಿತು. ಆ ಮೇಲೆ ಇನ್ನೊಂದು ಕೈ. ಶಾಯಿ ಮೆತ್ತಿದ ಆ ಎರಡೂ ಕೈಗಳನ್ನು ತಲೆಯ ಮೇಲೆ ಎತ್ತಿಕೊಂಡು, ಬಾಯಿ ತೆರೆದು, ಆ ದೊಡ್ಡ ಮನುಷ್ಯ ಅಳುತ್ತಿದ್ದ. ಅಳುವ ಸದ್ದೂ ಕೇಳುತ್ತಿರಲಿಲ್ಲ.

ಬಾಗಿಲಲ್ಲಿ ನಿಂತಿದ್ದ ಸಂಪಾದಕರು ಒಮ್ಮೆ ಆತನನ್ನು ನೋಡಿದರು, ಒಮ್ಮೆ ಗೋಡೆಯನ್ನು ನೋಡಿದರು. ಅವಳ ಕಿವಿಯ ಹತ್ತಿರ ಬಾಯಿಟ್ಟು ಕೂಗಿದರು, "ಅದನ್ನೇ ಹಾಕಿ!"

"ದಪ್ಪಕ್ಷರ ಸರ್! ಜನ ಗಾಬರಿಯಾಗ್ತಾರೆ!"

"ಆಗ್ಲಿ! ಆಮೇಲೆ ಓದ್ಕೋತಾರೆ!"

ಹಾಗೇ ಆಯಿತು. ಆ ಸಂಜೆ ಬೀದಿಯ ಆಚೆ ಬದಿಯಲ್ಲಿ ಹೋಗುತ್ತಿದ್ದವರು ಅಂಗಡಿಯ ಮುಂದೆ ತೂಗುಹಾಕಿದ್ದ ಪತ್ರಿಕೆಯ ದಪ್ಪಕ್ಷರ ಕಂಡು ಗಕ್ಕನೆ ನಿಂತರು, ಎದೆ ಹಿಡಿದುಕೊಂಡರು. ಮರುಗಳಿಗೆಗೆ ಓದಿಕೊಂಡರು. ಹಾಲು ಕುಡಿದಷ್ಟು ಸಂತೋಷ ಪಟ್ಟರು. ಗುರುತಿಲ್ಲದವರು ಗುರುತಿಲ್ಲದವರ ಭುಜ ತಟ್ಟಿದರು. ಕ್ಷೌರದ ಅಂಗಡಿಯವನು ಆ ಪುಟವನ್ನು ಕನ್ನಡಿಯ ಮೇಲೆ ಅಂಟಿಸಿದ, ದರ್ಜಿ ಬಾಗಿಲಿಗೆ ಅಂಟಿಸಿದ. ಸಾವಿನಕ್ಷರ ಅನ್ನುವ ಹೆಸರು ಅವತ್ತಿಗೇ ಮಣ್ಣಾಯಿತು. ಆಮೇಲೆ ಅಗ್ನಿಶಾಮಕದವರು ತಮ್ಮ ಗಾಡಿಯ ಮೇಲೆ ಬರೆಸಲು ಆ ಅಕ್ಷರ ಕೇಳಿದರು, ಶಾಲೆಯವರು ಆಟದ ಅಂಗಿಯ ಬೆನ್ನಿಗೆ ಕೇಳಿದರು, ಆಸ್ಪತ್ರೆಯವರು ಬಾಗಿಲ ಮೇಲಿನ ಬೋರ್ಡಿಗೆ ಕೇಳಿದರು. ಅವಳ ಜಂಬ ಹೇಳತೀರದು. ಇರಲಿ ಬಿಡಿ, ಅವಳಿಗಲ್ಲದೆ ಇನ್ಯಾರಿಗೆ ಇರಬೇಕು! ಅತ್ತೆಯಂತೂ ಬಸ್ಸಿನಲ್ಲಿ ಪತ್ರಿಕೆ ಬಿಡಿಸಿಕೊಂಡು ಕೂತು, ಪಕ್ಕದವರಿಗೆ ತೋರಿಸಿ, "ಇದಕ್ಕೆ ನಾನೇ ಮಾದರಿ" ಅನ್ನುವರು. ಪಕ್ಕದವರು ಮರುಮಾತಿಲ್ಲದೆ ಸರಿದು ಕೂರುವರು.

ಹಿತ್ತಾಳೆಯ ಬೀಗದ ಕೈ ಈಗ ಅವಳ ಮೇಜಿನ ಮೇಲೆ ಕಾಗದ ಹಾರಿಹೋಗದ ಹಾಗೆ ಭಾರಕ್ಕೆ ಇದೆ. ಗೋಡೆಯ ಮೇಲಿನ ಆ ಹಾಳೆಯನ್ನು ತೆಗೆಯಲು ಮಾವ ಬಿಡಲಿಲ್ಲ.

ಎಷ್ಟೋ ದಿನಗಳ ಮೇಲೆ ಮಗ ಬಂದ. ಊರುಗೋಲು ಹಿಡಿದು ಕುಂಟುತ್ತ ಹಿಂದಿನ ಬಾಗಿಲಿನಿಂದ ನೇರ ಮಿಷನ್ನಿನ ಹತ್ತಿರ ಹೋದ. ಅಕ್ಷರದಕ್ಕ ತನ್ನ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಆ ಸದ್ದಿನಲ್ಲಿ ಮಾವನಿಗೆ ಮಾತಾಡಿ ಹೇಳುವುದು ಸಾಧ್ಯವಿರಲಿಲ್ಲ. ಮಗನ ಭುಜ ಹಿಡಿದು ತಿರುಗಿಸಿ, ಹಜಾರದ ಈ ತುದಿಯ ಗೋಡೆಯ ಕಡೆಗೆ ಬೆರಳು ತೋರಿಸಿದ. ಹುಡುಗ ನೋಡಿದ. ಓದಿದ. ಊರುಗೋಲನ್ನು ಅಪ್ಪನ ಕೈಗೆ ಕೊಟ್ಟು ತನ್ನ ಕೈ ಮೇಲೆತ್ತಿದ.